ಚೀವಿತಾ ನೋಡಿ ಬರುವುದು ಹೇಗೆ? ವಾಪಸ್ ಬಸ್ಸಿನಿಂದ ಶುರು ಮಾಡಿ

ಇಟಲಿಗೆ ಹೊರಟವರು ನನಗೆ ಒಂದೇ ಫೋಟೋ ಕಳಿಸಿ ಒಂದೇ ಪ್ರಶ್ನೆ ಕೇಳುತ್ತಾರೆ. ಫೋಟೋದಲ್ಲಿ ಕಡಿದಾದ ಬಂಡೆ, ಅದರ ನೆತ್ತಿಯ ಮೇಲೆ ಒತ್ತೊತ್ತಾಗಿ ಕೂತ ಕಲ್ಲಿನ ಮನೆಗಳು, ಅಲ್ಲಿಗೆ ಹೋಗಲು ಒಂದೇ ಒಂದು ಉದ್ದನೆಯ ಸೇತುವೆ. "ಇದು ರೋಮ್ ಹತ್ತಿರವಂತೆ. ಒಂದೇ ದಿನದಲ್ಲಿ ಹೋಗಿ ಬರಬಹುದಾ?"

ಬರಬಹುದು. ಆದರೆ ಈ ಊರಿಗೆ ಹೋಗುವುದು ಸುಲಭ, ವಾಪಸ್ ಬರುವುದೇ ಪೇಚಾಟ. ಹಾಗಾಗಿ ಪ್ಲಾನನ್ನು ತಲೆಕೆಳಗು ಮಾಡಿ. ಮೊದಲು ವಾಪಸ್ ಬಸ್ ಯಾವಾಗ ಅಂತ ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಈ ಬರಹದಲ್ಲಿ ನಾನು ಹೇಳುವುದೆಲ್ಲ ಹೆಚ್ಚುಕಡಿಮೆ ಇದೇ.

ಊರಿನ ಹೆಸರು ಚೀವಿತಾ ದಿ ಬಾನ್ಯೊರೇಜೊ. ರೋಮ್‌ನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್, ಲಾತ್ಸಿಯೊ ಪ್ರಾಂತ್ಯದ ಗುಡ್ಡಗಾಡಿನಲ್ಲಿದೆ. ರೋಮನ್ನರಿಗಿಂತ ಮೊದಲು ಈ ಸೀಮೆಯಲ್ಲಿದ್ದ ಎಟ್ರಸ್ಕನ್ ಜನ ಸುಮಾರು 2500 ವರ್ಷಗಳ ಹಿಂದೆ ಕಟ್ಟಿದ ಊರು. ಇಟಲಿಯವರು ಇದನ್ನು 'ಸಾಯುತ್ತಿರುವ ಊರು' ಅನ್ನುತ್ತಾರೆ. ಅದು ಸುಮ್ನೆ ಬಣ್ಣದ ಮಾತಲ್ಲ. ಊರು ಕೂತಿರುವುದು ತೂಫೊ ಎಂಬ ಕಲ್ಲಿನ ಮೇಲೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು ಅದು. ನಮ್ಮ ಕರಾವಳಿಯ ಮುರಕಲ್ಲಿನ ಹಾಗೆ ಸುಲಭವಾಗಿ ಕತ್ತರಿಸಲು ಬರುತ್ತದೆ. ಅದರ ಕೆಳಗಿರುವುದು ಬರೀ ಜೇಡಿಮಣ್ಣು. ಮಳೆ ಮತ್ತು ಎರಡು ಪಕ್ಕದ ಹಳ್ಳಗಳು ಈ ಮಣ್ಣನ್ನು ಕೊರೆಯುತ್ತಲೇ ಇವೆ. ಬುಡ ಸಡಿಲವಾದಂತೆ ಮೇಲಿನ ಕಲ್ಲು ಬಿರುಕು ಬಿಟ್ಟು ಅಂಚಿನ ಮನೆಗಳ ಸಮೇತ ಉರುಳುತ್ತದೆ. 1695ರ ಭೂಕಂಪವಂತೂ ದೊಡ್ಡ ಪೆಟ್ಟು ಕೊಟ್ಟಿತು. ಜನ ಗುಳೆ ಎದ್ದು ಪಕ್ಕದ ದಿಣ್ಣೆಗೆ ಹೋದರು. ಆ ಪಕ್ಕದ ಊರೇ ಇವತ್ತಿನ ಬಾನ್ಯೊರೇಜೊ. ಚೀವಿತಾದಲ್ಲಿ ವರ್ಷವಿಡೀ ಇರುವವರು ಈಗ ಬೆರಳೆಣಿಕೆಯಷ್ಟು ಮಂದಿ.

ಅಂದರೆ ಊರು ಎರಡು: ಬಸ್ಸು, ಅಂಗಡಿ, ಶಾಲೆ ಇರುವ ಬಾನ್ಯೊರೇಜೊ, ಮತ್ತು ಸೇತುವೆಯಾಚೆಯ ಚೀವಿತಾ. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತದೆ. ಇನ್ನೊಂದು ವಿಷಯ: ಆ ಹೆಸರನ್ನು 'ಬಾಗ್ನೊರೆಜಿಯೊ' ಅಂತ ಓದಿದರೆ ಯಾರಿಗೂ ತಿಳಿಯುವುದಿಲ್ಲ. 'ಬಾನ್ಯೊರೇಜೊ' ಅನ್ನಿ.

ಹಂತ 1: ದಿನ ಆರಿಸಿ

ಭಾನುವಾರ ಬೇಡ. ಬಸ್ಸನ್ನು ನಂಬಿ ಹೋಗುವವರಿಗೆ ಇದಕ್ಕಿಂತ ಮುಖ್ಯವಾದ ಮಾತಿಲ್ಲ. ರೋಮ್‌ನಿಂದ ರೈಲಿನಲ್ಲಿ ಒರ್ವಿಯೆತೊ ಎಂಬ ಊರಿಗೆ ಹೋಗಿ, ಅಲ್ಲಿಂದ ಬಾನ್ಯೊರೇಜೊಗೆ ಬಸ್ಸು ಹಿಡಿಯಬೇಕು. ಆ ಬಸ್ಸು ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಓಡುವುದಿಲ್ಲ. ಏಪ್ರಿಲ್ 25, ಮೇ 1, ಜೂನ್ 2, ಆಗಸ್ಟ್ 15, ನವೆಂಬರ್ 1, ಡಿಸೆಂಬರ್ 8 ಎಲ್ಲ ರಜೆ. ಈಸ್ಟರ್ ಮರುದಿನದ ಸೋಮವಾರವೂ ರಜೆ.

ವೇಳಾಪಟ್ಟಿಯಲ್ಲಿ ಮೂರು ಪದ ಕಾಣುತ್ತವೆ. 'ಫೆರಿಯಾಲೆ' ಅಂದರೆ ಕೆಲಸದ ದಿನ, ಸೋಮವಾರದಿಂದ ಶನಿವಾರದವರೆಗೆ. 'ಫೆಸ್ತೀವೊ' ಅಂದರೆ ಭಾನುವಾರ ಮತ್ತು ರಜೆ. 'ಸ್ಕೊಲಾಸ್ತಿಕೊ' ಅಂದರೆ ಶಾಲೆ ಇರುವ ದಿನ ಮಾತ್ರ ಓಡುವ ಬಸ್ಸು. ನಾನು ಮೊದಲ ಸಲ 'ಫೆರಿಯಾಲೆ' ನೋಡಿ ಅದೇ ರಜೆಯ ದಿನ ಅಂದುಕೊಂಡೆ. ಕೇಳಿದರೆ ಹಾಗೇ ಅನ್ನಿಸುತ್ತದೆ ಅಲ್ವಾ? ಅದು ತದ್ವಿರುದ್ಧ. ಮೂರನೆಯದರಲ್ಲೂ ಒಂದು ಗುಂಡಿ ಇದೆ. ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ. ನಮ್ಮವರು ಜಾಸ್ತಿ ಹೋಗುವುದೂ ಆಗಲೇ. ಪಟ್ಟಿಯಲ್ಲಿ ಆರು ಬಸ್ಸು ಕಂಡರೂ ನಿಮ್ಮ ಪಾಲಿಗೆ ಅಷ್ಟೂ ಇರಲಿಕ್ಕಿಲ್ಲ.

ತಿಂಗಳ ವಿಚಾರಕ್ಕೆ ಬಂದರೆ ಏಪ್ರಿಲ್, ಮೇ, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಸೇತುವೆಯ ಮೇಲೆ ಒಂದಿಷ್ಟೂ ನೆರಳಿಲ್ಲ. ಡಿಸೆಂಬರ್‌ನಲ್ಲಿ ಜನ ಕಡಿಮೆ. ಅದೃಷ್ಟವಿದ್ದರೆ ಬೆಳಗಿನ ಮಂಜು ಕಣಿವೆ ತುಂಬಿ, ಊರು ಅದರ ಮೇಲೆ ತೇಲುತ್ತಿರುವ ಹಾಗೆ ಕಾಣುತ್ತದೆ. ಆದರೆ ಸಂಜೆ ಐದಕ್ಕೆ ಮೊದಲೇ ಕತ್ತಲಾಗುತ್ತದೆ.

ಮುಷ್ಕರವನ್ನೂ ನೋಡಿಕೊಳ್ಳಿ. ಇಟಲಿಯಲ್ಲಿ ಅದಕ್ಕೆ 'ಶೋಪೆರೊ' ಅನ್ನುತ್ತಾರೆ, ಮೊದಲೇ ದಿನಾಂಕ ಸಾರಿ ಮಾಡುತ್ತಾರೆ. ಹೊರಡುವ ವಾರ ಒಮ್ಮೆ ಹುಡುಕಿ. ಮುಷ್ಕರ ಕೆಲಸದ ದಿನ ಬಿದ್ದರೆ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲುಗಳು ಖಾತ್ರಿ ಓಡುತ್ತವೆ. ಆದರೆ ಬಸ್ಸಿಗೆ ಈ ಲೆಕ್ಕ ಹಾಕಬೇಡಿ.

ಹಂತ 2: ವೀಸಾ

ಇದನ್ನು ಬೇಗ ಮುಗಿಸುತ್ತೇನೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ ಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇದ್ದರೂ ಬೇಕು. ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಲೇಬೇಕು. ದೊಡ್ಡವರಿಗೆ ಶುಲ್ಕ 90 ಯೂರೊ, ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಪ್ರವಾಸ ವಿಮೆ 30,000 ಯೂರೊಗೆ ಕಡಿಮೆ ಇರಬಾರದು. ಶೆಂಗೆನ್ ದೇಶಗಳಿಂದ ಹೊರಡುವ ದಿನದ ಆಚೆಗೆ ಮೂರು ತಿಂಗಳು ಪಾಸ್‌ಪೋರ್ಟ್ ಊರ್ಜಿತವಾಗಿರಬೇಕು.

ಜನ ಎಡವುವುದು ಒಂದು ಕಡೆ. ಮೂರ್ನಾಲ್ಕು ದೇಶ ಸುತ್ತುವವರು ಇಟಲಿಯ ಮೂಲಕ ಒಳಗೆ ಹೋಗುತ್ತೇವೆ ಅಂತ ಇಟಲಿಗೇ ಅರ್ಜಿ ಹಾಕುತ್ತಾರೆ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮ ಇದ್ದರೆ ಮಾತ್ರ ಮೊದಲು ಕಾಲಿಡುವ ದೇಶ.

ಹಂತ 3: ವಾಪಸ್ ಬಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಒಂದು ಕಾಗದ ತಗೊಳ್ಳಿ. ಮೇಲೆ ವಾಪಸ್ ಬಸ್ಸಿನ ಹೊತ್ತು ಬರೆಯಿರಿ. ಬಸ್ಸು ಓಡಿಸುವುದು ಕೊತ್ರಾಲ್ ಎಂಬ ಲಾತ್ಸಿಯೊ ಪ್ರಾಂತ್ಯದ ಸಾರಿಗೆ ಸಂಸ್ಥೆ. ಅವರ ಜಾಲತಾಣದಲ್ಲಿ ನಿಮ್ಮ ದಿನಾಂಕ ಹಾಕಿಯೇ ಹುಡುಕಿ. ಹಳೆಯ ಪ್ರವಾಸ ಬರಹಗಳಲ್ಲಿ ಕೊಟ್ಟ ಹೊತ್ತನ್ನು ನಂಬಬೇಡಿ. ನಾನೂ ಅದಕ್ಕೇ ಇಲ್ಲಿ ಕೊಡುತ್ತಿಲ್ಲ. ದಿನಕ್ಕೆ ಕೆಲವೇ ಬಸ್ಸು, ನಡುವೆ ಗಂಟೆಗಟ್ಟಲೆ ಖಾಲಿ, ಕೊನೆಯದು ಸಂಜೆಗೇ ಮುಗಿಯುತ್ತದೆ.

ಉದಾಹರಣೆಗೆ, ವಾಪಸ್ ಬಸ್ಸು ಐದೂವರೆಗೆ ಅಂತ ಇಟ್ಟುಕೊಳ್ಳಿ. ನಿಲ್ದಾಣದಲ್ಲಿ ಐದೂಕಾಲಿಗೆ ಇರಬೇಕು. ಸೇತುವೆಯ ಬುಡದಿಂದ ಬಸ್ ನಿಲ್ದಾಣಕ್ಕೆ ಸುಮಾರು 2 ಕಿಲೋಮೀಟರ್ ನಡಿಗೆ, ಅರ್ಧ ಗಂಟೆ. ಅಲ್ಲಿಗೆ ನಾಲ್ಕೂಮುಕ್ಕಾಲು. ಚೀವಿತಾದ ಚೌಕದಿಂದ ಸೇತುವೆ ಇಳಿದು ಬರಲು ಕಾಲು ಗಂಟೆ. ಅಂದರೆ ನಾಲ್ಕೂವರೆಗೆ ಚೌಕ ಬಿಡಬೇಕು. ವಯಸ್ಸಾದವರು ಜೊತೆಗಿದ್ದರೆ ನಾಲ್ಕಕ್ಕೇ. ಊರೊಳಗೆ ಊಟ ಸೇರಿ ಮೂರು ಗಂಟೆ ಸಾಕು, ಹಾಗಾಗಿ ಒಂದೂವರೆಗೆ, ವಯಸ್ಸಾದವರಿದ್ದರೆ ಒಂದಕ್ಕೇ ಒಳಗಿರಬೇಕು. ಅದಕ್ಕೆ ಹೊಂದುವ, ಅಲ್ಲಿಗೆ ಹೋಗುವ ಬಸ್ಸು ಯಾವುದು, ಆ ಬಸ್ಸಿಗೆ ರೋಮ್‌ನಿಂದ ಯಾವ ರೈಲು ಅಂತ ಕೆಳಗೆ ಬರೆಯುತ್ತಾ ಹೋಗಿ.

ರೈಲು ತಪ್ಪಿದರೆ ಇನ್ನೊಂದು ಸಿಗುತ್ತದೆ. ಬಸ್ಸು ತಪ್ಪಿದರೆ ದಿನವೇ ಹೋದ ಹಾಗೆ. ಆದ್ದರಿಂದ ಒರ್ವಿಯೆತೊದಲ್ಲಿ ರೈಲಿಗೂ ಬಸ್ಸಿಗೂ ನಡುವೆ ಕನಿಷ್ಠ ಮುಕ್ಕಾಲು ಗಂಟೆ ಬಿಡಿ.

ಹಂತ 4: ರೋಮ್‌ನಿಂದ ಒರ್ವಿಯೆತೊಗೆ ರೈಲು

ರೋಮ್‌ನ ತೆರ್ಮಿನಿ ನಿಲ್ದಾಣದಿಂದ 'ರೆಜೊನಾಲೆ' ಎಂಬ ಪ್ರಾದೇಶಿಕ ರೈಲು ಸುಮಾರು ಒಂದೂಕಾಲು ಗಂಟೆಯಲ್ಲಿ ಒರ್ವಿಯೆತೊ ಮುಟ್ಟಿಸುತ್ತದೆ. ಮುಂಗಡ ಕಾಯ್ದಿರಿಸುವ ಅಗತ್ಯವಿಲ್ಲ, ದರ ಬದಲಾಗುವುದಿಲ್ಲ. ಇಂಟರ್‌ಸಿಟಿಯೂ ಇದೆ. ಸ್ವಲ್ಪ ಬೇಗ ಹೋಗುತ್ತದೆ, ದರ ಜಾಸ್ತಿ.

ಮೂರು ಕಡೆ ಎಚ್ಚರ.

ಒಂದು, ನಿಲ್ದಾಣದ ಫಲಕದಲ್ಲಿ 'ಒರ್ವಿಯೆತೊ' ಅಂತ ಹುಡುಕಬೇಡಿ. ಅಲ್ಲಿ ಕಾಣುವುದು ಕೊನೆಯ ನಿಲ್ದಾಣದ ಹೆಸರು, ಬಹಳ ಸಲ ಫಿರೆಂತ್ಸೆ, ಅಂದರೆ ಫ್ಲಾರೆನ್ಸ್. ಟಿಕೆಟ್ಟಿನ ಮೇಲಿನ ರೈಲು ಸಂಖ್ಯೆ ನೋಡಿ. 'ಪಾರ್ತೆಂತ್ಸೆ' ಅಂದರೆ ಹೊರಡುವ ರೈಲು, 'ಬಿನಾರಿಯೊ' ಅಂದರೆ ಪ್ಲಾಟ್‌ಫಾರಂ. ತೆರ್ಮಿನಿಯ ಕೆಲವು ಪ್ಲಾಟ್‌ಫಾರಂಗಳು ಬಲು ದೂರ, ನಡೆಯುವುದಕ್ಕೇ ಹತ್ತು ನಿಮಿಷ ಬೇಕು.

ಎರಡು, ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ಮುದ್ರೆ ಹಾಕಿಸಬೇಕು. ಪ್ಲಾಟ್‌ಫಾರಂ ಹತ್ತಿರ ಸಣ್ಣ ಯಂತ್ರ ಇರುತ್ತದೆ, ಟಿಕೆಟ್ ತೂರಿಸಿದರೆ ದಿನಾಂಕ, ಹೊತ್ತು ಬೀಳುತ್ತದೆ. ಮುದ್ರೆ ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಮೊಬೈಲ್‌ನಲ್ಲಿ ಕೊಂಡ ಪ್ರಾದೇಶಿಕ ಟಿಕೆಟ್ಟಾದರೆ ಹತ್ತುವ ಮೊದಲು ಆ್ಯಪ್‌ನಲ್ಲೋ ಇಮೇಲ್‌ನಲ್ಲಿ ಬಂದ ಕೊಂಡಿಯಲ್ಲೋ 'ಚೆಕ್-ಇನ್' ಒತ್ತಬೇಕು. 'ಗೊತ್ತಿರಲಿಲ್ಲ' ಅಂದರೆ ಟಿಕೆಟ್ ತಪಾಸಕರು ನಗುತ್ತಾರೆ, ದಂಡವನ್ನೂ ಹಾಕುತ್ತಾರೆ.

ಮೂರು, ಟಿಕೆಟ್ ಯಂತ್ರದ ಹತ್ತಿರ ತಾವಾಗಿ ನೆರವಿಗೆ ಬರುವವರನ್ನು ದೂರವಿಡಿ. ಚೀಲ ಮುಂದಕ್ಕೆ ಹಾಕಿಕೊಳ್ಳಿ.

ಗಾಲಿಯ ಸೂಟ್‌ಕೇಸ್ ತರಬೇಡಿ. ರೋಮ್‌ನ ಹೋಟೆಲಿನಲ್ಲೇ ಬಿಡಿ. ಸೇತುವೆ ಏರುವಾಗ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಹಂತ 5: ಒರ್ವಿಯೆತೊದಿಂದ ಬಸ್ಸು

ಒರ್ವಿಯೆತೊ ಊರು ಬಂಡೆಯ ಮೇಲಿದೆ, ರೈಲು ನಿಲ್ದಾಣ ಕೆಳಗಿದೆ. ನಿಲ್ದಾಣದ ಎದುರೇ 'ಫುನಿಕೊಲಾರೆ' ಇದೆ. ಹಗ್ಗದಿಂದ ಎಳೆದು ಗುಡ್ಡ ಹತ್ತಿಸುವ ರೈಲುಬಂಡಿ ಅದು. ಮೇಲೆ ಇಳಿಯುವ ಚೌಕದ ಹೆಸರು ಪಿಯಾತ್ಸ ಕಾಹೆನ್. ಬಾನ್ಯೊರೇಜೊ ಬಸ್ಸು ಅಲ್ಲಿಂದ ಹೊರಡುತ್ತದೆ, ರೈಲು ನಿಲ್ದಾಣದ ಹತ್ತಿರವೂ ನಿಲ್ಲುತ್ತದೆ. ಎಲ್ಲಿ ಹತ್ತುತ್ತೀರಿ ಅಂತ ಮೊದಲೇ ತೀರ್ಮಾನಿಸಿ. ಎರಡರ ನಡುವೆ ಓಡಾಡುತ್ತಾ ಬಸ್ಸು ಕಳಕೊಂಡವರಿದ್ದಾರೆ.

ಟಿಕೆಟ್ ಬಸ್ಸಿನಲ್ಲಲ್ಲ, 'ತಬಾಕ್ಕಿ' ಎಂಬ ಅಂಗಡಿಯಲ್ಲಿ ಕೊಳ್ಳಿ. ಹೊರಗೆ ದೊಡ್ಡ 'ಟಿ' ಅಕ್ಷರದ ಫಲಕ ಇರುವ ಬೀಡಿ-ಸಿಗರೇಟು ಅಂಗಡಿ ಅದು, ಅಂಚೆಚೀಟಿ, ಬಸ್ ಟಿಕೆಟ್ಟೂ ಅಲ್ಲೇ. ಡ್ರೈವರ್ ಹತ್ತಿರ ಕೊಂಡರೆ ಜಾಸ್ತಿ ಕೊಡಬೇಕು. ಹೋಗುವುದಕ್ಕೂ ಬರುವುದಕ್ಕೂ ಎರಡನ್ನೂ ಈಗಲೇ ಕೊಳ್ಳಿ. ವಾಪಸ್ ಬರುವ ಹೊತ್ತಿಗೆ ಬಾನ್ಯೊರೇಜೊದ ಅಂಗಡಿ ಮುಚ್ಚಿದ್ದರೆ ಏನು ಮಾಡುತ್ತೀರಿ?

ನೀಲಿ ಬಸ್ಸು ಕಂಡರೆ ಕೈ ಅಡ್ಡ ಹಿಡಿಯಿರಿ. ಸುಮ್ನೆ ನಿಂತಿದ್ದರೆ ಹೋಗಿಬಿಡಬಹುದು. ಒಂದು ಗಂಟೆಯ ಒಳಗೆ ಬಾನ್ಯೊರೇಜೊ. ಇಳಿಯುವ ಮೊದಲು ಡ್ರೈವರ್‌ಗೆ ಈ ಒಂದು ಪ್ರಶ್ನೆ ಕೇಳಿ: "ಲುಲ್ತಿಮೊ ಆಟೊಬುಸ್ ಪೆರ್ ಒರ್ವಿಯೆತೊ, ಆ ಕೆ ಓರಾ?" ಒರ್ವಿಯೆತೊಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಅರ್ಥ. ಬೆರಳಲ್ಲಿ ತೋರಿಸುತ್ತಾರೆ. ವಾಪಸ್ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತಲೂ ಕೇಳಿ, ನೀವು ಇಳಿದ ಬದಿಯಲ್ಲೇ ನಿಲ್ಲಬೇಕೆಂದಿಲ್ಲ.

ಕಾರು ಬಾಡಿಗೆಗೆ ತಗೊಳ್ಳುವವರಿಗೆ: ಭಾರತದ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು, ನಿಮ್ಮ ಆರ್‌ಟಿಒದಲ್ಲಿ ಊರು ಬಿಡುವ ಮೊದಲೇ ಮಾಡಿಸಿ. ಹಳೆಯ ಊರುಗಳ ಒಳಗೆ 'ತ್ಸೋನಾ ಎ ತ್ರಾಫ್ಫಿಕೊ ಲಿಮಿತಾತೊ' ಎಂಬ ನಿರ್ಬಂಧಿತ ವಲಯ ಇರುತ್ತದೆ. ಕ್ಯಾಮರಾ ಫೋಟೋ ತೆಗೆದು ದಂಡವನ್ನು ತಿಂಗಳುಗಳಾದ ಮೇಲೆ ಮನೆಗೆ ಕಳಿಸುತ್ತದೆ. ನಿಲುಗಡೆಯ ಗೆರೆ ನೀಲಿಯಾದರೆ ಹಣ ಕಟ್ಟಬೇಕು, ಬಿಳಿಯಾದರೆ ಬೇಡ, ಹಳದಿ ನಿಮಗಲ್ಲ. ಕಾರಿದ್ದರೆ ಭಾನುವಾರವೂ ಹೋಗಬಹುದು, ಆದರೆ ಆ ದಿನ ಅರ್ಧ ರೋಮ್ ಅಲ್ಲೇ ಇರುತ್ತದೆ.

ಹಂತ 6: ಸೇತುವೆ

ಬಾನ್ಯೊರೇಜೊದಲ್ಲಿ ಇಳಿದ ಕೂಡಲೇ ಒಂದು ಬಾರ್‌ಗೆ ಹೋಗಿ. ಇಟಲಿಯಲ್ಲಿ ಬಾರ್ ಅಂದರೆ ನಮ್ಮ ದರ್ಶಿನಿ ಇದ್ದ ಹಾಗೆ, ನಿಂತು ಕಾಫಿ ಕುಡಿಯುವ ಜಾಗ. ಒಂದು ಕಾಫಿ ಕುಡಿದು ಅವರ ಶೌಚಾಲಯ ಬಳಸಿ. ಕೇಳಬೇಕಾದ ಪದ 'ಬಾನ್ಯೊ'. ಊರಿನ ಹೆಸರಲ್ಲೂ ಅದೇ ಇದೆ, ಬಾನ್ಯೊರೇಜೊ ಅಂದರೆ ರಾಜನ ಸ್ನಾನದ ಜಾಗ.

ನಂತರ ಊರಿನ ನಡುವಿನ ಬೀದಿಯಲ್ಲೇ ನೇರ ನಡೆಯಿರಿ. ಕಾಲು ನೋಯುವವರಿಗೆ ಸಣ್ಣ ಬಸ್ಸು ಇದೆ. ಬೀದಿ ಮುಗಿಯುವಲ್ಲಿ 'ಬೆಲ್ವೆದೆರೆ' ಎಂಬ ನೋಟದ ಕಟ್ಟೆ. ನೀವು ಕಳಿಸುವ ಆ ಫೋಟೋ ತೆಗೆದಿರುವುದು ಈ ಕಡೆಯಿಂದಲೇ. ಸುತ್ತ ಕಾಣುವ ಬೋಳು, ಚೂಪು ಮಣ್ಣಿನ ಏಣುಗಳಿಗೆ 'ಕಲಾಂಕಿ' ಅನ್ನುತ್ತಾರೆ. ಮಳೆ ಜೇಡಿಮಣ್ಣನ್ನು ತೊಳೆದು ತೊಳೆದು ಉಳಿದ ಅಸ್ಥಿಪಂಜರ. ಕೊಡಗಿನ ಮಳೆಗಾಲ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಪ್ರವೇಶಕ್ಕೆ ಟಿಕೆಟ್ ಇದೆ. 2013ರಲ್ಲಿ ಒಂದೂವರೆ ಯೂರೊದಿಂದ ಶುರುವಾದದ್ದು ಆಮೇಲೆ 5 ಯೂರೊ ಆಯಿತು. ಟಿಕೆಟ್ಟನ್ನು ಬೆಲ್ವೆದೆರೆ ಕಡೆ ಕೊಂಡು ಸೇತುವೆಗೆ ಇಳಿಯಿರಿ.

ಸೇತುವೆ 1965ರದ್ದು, ಕಾಂಕ್ರೀಟಿನದು, ಸುಮಾರು 300 ಮೀಟರ್ ಉದ್ದ, ನಡೆಯುವವರಿಗೆ ಮಾತ್ರ. ಮೊದಲು ಸಲೀಸು. ಕೊನೆಯ ಮೂರನೇ ಒಂದು ಭಾಗ ಚೆನ್ನಾಗಿ ಏರು. ಗಾಲಿಕುರ್ಚಿ ತಳ್ಳುವುದು ಕಷ್ಟ, ಮಂಡಿನೋವಿನವರು ಕಂಬಿ ಹಿಡಿದು ನಿಧಾನವಾಗಿ ಹೋಗಬೇಕು, ಎತ್ತರಕ್ಕೆ ಹೆದರುವವರು ನಡುವೆ ನಡೆಯಲಿ. ಗಾಳಿ ಜೋರಿದ್ದರೆ ಟೋಪಿ ಕೈಯಲ್ಲಿರಲಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ನನ್ನ ಮಾತು: ಬೆಲ್ವೆದೆರೆಯಲ್ಲಿ ನಿಂತು ಏರನ್ನು ಅವರಿಗೇ ತೋರಿಸಿ, ಅವರೇ ತೀರ್ಮಾನಿಸಲಿ. ಅಲ್ಲಿಂದಲೇ ನೋಡಿ ತೃಪ್ತಿಪಟ್ಟರೂ ನಷ್ಟವಿಲ್ಲ.

ಹಂತ 7: ಊರೊಳಗೆ

ಊರು ಚಿಕ್ಕದು. ನೇರ ನಡೆದರೆ ಹತ್ತು ನಿಮಿಷದಲ್ಲಿ ಆ ತುದಿ. ಹಾಗೆ ನಡೆದು 'ಇಷ್ಟೇನಾ?' ಅಂತ ವಾಪಸ್ ಬರುವವರೇ ಜಾಸ್ತಿ.

ಸೇತುವೆ ಮುಗಿಯುವಲ್ಲಿ ಸಾಂತಾ ಮರಿಯಾ ಬಾಗಿಲು. ಬಂಡೆಯನ್ನೇ ಕೊರೆದ ದಾರಿ. ಬಾಗಿಲ ಮೇಲೆ ಕಲ್ಲಿನ ಸಿಂಹಗಳಿವೆ, ಉಗುರಲ್ಲಿ ಮನುಷ್ಯರ ತಲೆ ಹಿಡಿದಿವೆ. ಒರ್ವಿಯೆತೊದ ಮೊನಾಲ್ದೆಸ್ಕಿ ಎಂಬ ಪಾಳೆಯಗಾರ ಮನೆತನವನ್ನು ಇಲ್ಲಿನವರು ಸೋಲಿಸಿದ ನೆನಪಿಗೆ ಅನ್ನುತ್ತಾರೆ. ಜನ ಫೋಟೋ ತೆಗೆಯುವ ಗಡಿಬಿಡಿಯಲ್ಲಿ ತಲೆ ಎತ್ತುವುದೇ ಇಲ್ಲ.

ಒಳಗೆ ಹೋದ ಕೂಡಲೇ ಒಂದು ದೊಡ್ಡ ಮನೆಯ ಮುಂಗೋಡೆ ಕಾಣುತ್ತದೆ, ಸಾಲು ಕಿಟಕಿಗಳು. ಕಿಟಕಿಯ ಹಿಂದೆ ಕೋಣೆಯಲ್ಲ, ಆಕಾಶ. ಮನೆಯ ಉಳಿದ ಭಾಗ ಕಣಿವೆಗೆ ಬಿದ್ದಿದೆ. ಚೀವಿತಾ ಏನು ಅಂತ ಇದೊಂದೇ ಗೋಡೆ ಹೇಳುತ್ತದೆ. ಇಲ್ಲಿ ಎರಡು ನಿಮಿಷ ನಿಲ್ಲಿ.

ಮುಂದೆ ಸಾನ್ ದೊನಾತೊ ಚೌಕ. ಚರ್ಚಿನ ಎದುರಿನ ನೆಲಕ್ಕೆ ಕಲ್ಲು ಹಾಸಿಲ್ಲ, ಬರೀ ಮಣ್ಣು-ಜಲ್ಲಿ. ಜೂನ್ ಮೊದಲ ಭಾನುವಾರ ಮತ್ತು ಸೆಪ್ಟೆಂಬರ್ ಎರಡನೇ ಭಾನುವಾರ ಇಲ್ಲಿ 'ತೊನ್ನ' ಎಂಬ ಕತ್ತೆ ಓಟ ನಡೆಯುತ್ತದೆ. ಬಸ್ಸಿಲ್ಲದ ದಿನ ಅನ್ನುವುದು ನಮ್ಮ ದುರದೃಷ್ಟ. ಚರ್ಚಿನೊಳಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ, ಒಂದು ಶಾಲು ಸಾಕು. ಒಳಗಿನ ಮರದ ಶಿಲುಬೆಮೂರ್ತಿ ನೋಡಿ, 15ನೇ ಶತಮಾನದ್ದು.

ಹತ್ತಿರದಲ್ಲೇ ಭೂವಿಜ್ಞಾನ ಮತ್ತು ಭೂಕುಸಿತಗಳ ವಸ್ತುಸಂಗ್ರಹಾಲಯ. ಸಣ್ಣದು, ಆದರೆ ನನ್ನ ಪ್ರಕಾರ ತಪ್ಪಿಸಬಾರದು. ಊರು ಎಲ್ಲೆಲ್ಲಿ ಬಿದ್ದಿದೆ, ಉಳಿದದ್ದನ್ನು ಹೇಗೆ ಹಿಡಿದು ನಿಲ್ಲಿಸಿದ್ದಾರೆ ಅಂತ ಅಲ್ಲಿ ತಿಳಿಯುತ್ತದೆ.

ಆಮೇಲೆ ಬೀದಿಯ ಕೊನೆಯವರೆಗೆ ಹೋಗಿ. 13ನೇ ಶತಮಾನದ ಸಂತ ಬೊನವೆಂತೂರ ಹುಟ್ಟಿದ್ದು ಈ ಊರಲ್ಲಿ. ಅವರ ಮನೆಯೂ ಕುಸಿದು ಹೋಗಿದೆ, ಈಗ ಅಂಚಿನಲ್ಲಿ ಗುರುತು ಮಾತ್ರ ಉಳಿದಿದೆ. ಇನ್ನೂ ಕೆಳಗಿಳಿದರೆ 'ಬುಕಾಯೊನೆ' ಎಂಬ ಎಟ್ರಸ್ಕನ್ ಸುರಂಗದ ಕಡೆ ಹೋಗುತ್ತೀರಿ. ಇಳಿದಷ್ಟೂ ಹತ್ತಬೇಕು, ಆಗ ಕಾಗದದ ಲೆಕ್ಕ ಒಮ್ಮೆ ನೋಡಿಕೊಳ್ಳಿ. ಅಂಚಿನ ಬೇಲಿ ದಾಟಿ ಸೆಲ್ಫಿ ತೆಗೆಯಬೇಡಿ, ಈ ನೆಲದ ಸ್ವಭಾವ ಮೇಲೆಯೇ ಹೇಳಿದ್ದೇನೆ.

ಹೂಕುಂಡ ಇಟ್ಟ ಬಾಗಿಲುಗಳು ಮನೆಗಳವು. ಮೆಟ್ಟಿಲ ಮೇಲೆ ಕೂರುವುದು, ಕಿಟಕಿಯಲ್ಲಿ ಇಣುಕುವುದು ಬೇಡ. ಬೆಕ್ಕುಗಳ ಫೋಟೋ ಎಷ್ಟು ಬೇಕಾದರೂ ತೆಗೆಯಿರಿ.

ಹಂತ 8: ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆ. ಮೂರಕ್ಕೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ.

ಇಲ್ಲಿ ತಿನ್ನಬೇಕಾದ್ದು ಬ್ರುಸ್ಕೆತ್ತ. 'ಬ್ರುಶೆಟ್ಟ' ಅಲ್ಲ. ಕೆಂಡದ ಮೇಲೆ ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ ಆಲಿವ್ ಎಣ್ಣೆ ಸುರಿದದ್ದು, ಮೇಲೆ ಟೊಮೇಟೊ. ಚೀವಿತಾದಲ್ಲಿ ಹಳೆಯ ಆಲಿವ್ ಗಾಣದ ಪಕ್ಕದಲ್ಲೇ ಕೂತು ತಿನ್ನಬಹುದು. ಈ ಸೀಮೆಯ ಪಾಸ್ತಾ ಉಂಬ್ರಿಕೆಲ್ಲಿ, ನೀರು ಹಿಟ್ಟಿನಿಂದ ಕೈಯಲ್ಲಿ ಹೊಸೆದ ದಪ್ಪ ಶಾವಿಗೆ. ಮೊಟ್ಟೆ ತಿನ್ನದವರಿಗೆ ಅನುಕೂಲ, ಆದರೂ ಒಮ್ಮೆ ಕೇಳಿ.

'ವೆಜೆತಾರಿಯಾನೊ' ಅಂದರೆ ಸಾಲದು. "ಸೆಂತ್ಸ ಕಾರ್ನೆ, ಸೆಂತ್ಸ ಪೇಶೆ" ಅನ್ನಿ, ಮಾಂಸ ಬೇಡ ಮೀನು ಬೇಡ ಅಂತ. ಕಡಲೆ ಅಥವಾ ಹುರುಳಿಕಾಯಿ ಬೀಜದ ಸೂಪು ಪಾಪದ್ದಾಗಿ ಕಂಡರೂ ಒಳಗೆ ಹಂದಿಯ ತುಂಡು ಅಥವಾ ಮಾಂಸದ ಸಾರು, ಅಂದರೆ 'ಬ್ರೋದೊ ದಿ ಕಾರ್ನೆ' ಇರಬಹುದು. ಪೆಕೊರಿನೊ, ಪಾರ್ಮಿಜಾನೊ ಚೀಸ್‌ಗಳನ್ನು ಕರುವಿನ ಅಥವಾ ಕುರಿಮರಿಯ ಹೊಟ್ಟೆಯ ಕಿಣ್ವ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಅದನ್ನೂ ಬಿಡುವವರು "ಸೆಂತ್ಸ ಫೊರ್ಮಾಜೊ" ಅನ್ನಿ.

ಬಿಲ್ಲಿನಲ್ಲಿ 'ಕೊಪೆರ್ತೊ' ಅಥವಾ 'ಪಾನೆ' ಅಂತ ತಲೆಗೆ ಒಂದೆರಡು ಯೂರೊ ಕಂಡರೆ ಜಗಳವಾಡಬೇಡಿ. ಅದು ಮೇಜು, ಬ್ರೆಡ್ಡಿನ ಲೆಕ್ಕ.

ಹಂತ 9: ಬಸ್ಸು ತಪ್ಪಿದರೆ

ಬಾನ್ಯೊರೇಜೊದಲ್ಲಿ ಟ್ಯಾಕ್ಸಿ ಸಾಲುಗಟ್ಟಿ ನಿಂತಿರುವುದಿಲ್ಲ. ಬಸ್ಸಿಗೆ ಕಾದು ಕಾದು ಕತ್ತಲು ಮಾಡಿಕೊಳ್ಳದೆ ತೆರೆದಿರುವ ಯಾವುದಾದರೂ ಬಾರ್‌ಗೆ ಹೋಗಿ, ಟ್ಯಾಕ್ಸಿಗೆ ಫೋನ್ ಮಾಡಿಕೊಡುವಂತೆ ಕೇಳಿ. ಒರ್ವಿಯೆತೊಗೆ ಸುಮಾರು 20 ಕಿಲೋಮೀಟರ್. ಹತ್ತುವ ಮೊದಲೇ ದರ ಕೇಳಿಕೊಳ್ಳಿ. ನಿಮ್ಮ ಹಾಗೇ ಬಸ್ಸು ತಪ್ಪಿದವರು ಇನ್ನಿಬ್ಬರು ಸಿಕ್ಕರೆ ಹಂಚಿಕೊಳ್ಳಬಹುದು, ಸಿಕ್ಕೇ ಸಿಗುತ್ತಾರೆ.

ಈ ಓಟವೇ ಬೇಡ ಅನ್ನುವವರು ಒರ್ವಿಯೆತೊದಲ್ಲಿ ಒಂದು ರಾತ್ರಿ ಉಳಿಯಿರಿ. 1290ರಲ್ಲಿ ಶುರುವಾದ ಅಲ್ಲಿನ ಮಹಾಚರ್ಚು, 248 ಮೆಟ್ಟಿಲಿನ ಸಾನ್ ಪತ್ರೀತ್ಸಿಯೊ ಬಾವಿ ಎರಡೂ ನೋಡಬಹುದು. ಬಾವಿಯೊಳಗೆ ಇಳಿಯುವವರಿಗೊಂದು, ಹತ್ತುವವರಿಗೊಂದು ಸುರುಳಿ ದಾರಿ, ಒಂದಕ್ಕೊಂದು ಎದುರಾಗುವುದಿಲ್ಲ. ಬಾವಿ ಇರುವುದು ಪಿಯಾತ್ಸ ಕಾಹೆನ್ ಪಕ್ಕದಲ್ಲೇ, ಮರುದಿನ ಬೆಳಗ್ಗೆ ಮೊದಲ ಬಸ್ಸು ಹಿಡಿಯಲೂ ಹತ್ತಿರ.